ಖುಷಿಯ ದಿನಗಳನ್ನೂ ಡಾಕ್ಟರಿಗೆ ಹೇಳಿ: ಡಿಪ್ರೆಶನ್, ಬೈಪೋಲಾರ್ ಮತ್ತು ನಮ್ಮ ಮಿದುಳು

ಬಸ್ಸಲ್ಲಿದ್ದೀರೋ, ಪಿಜಿ ರೂಮಲ್ಲಿದ್ದೀರೋ, ಕುಕ್ಕರಹಳ್ಳಿ ಕೆರೆ ಸುತ್ತ ನಡೀತಾ ಇದ್ದೀರೋ, ಎಲ್ಲಿದ್ರೂ ಒಂದು ಇಪ್ಪತ್ತು ನಿಮಿಷ ಜೊತೆಗಿರಿ. ಇವತ್ತಿನ ವಿಷಯ ಸ್ವಲ್ಪ ತೂಕದ್ದು.

ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. ಹೆಸರು, ಊರು ಹೇಳಲ್ಲ. ಸಾರಾಂಶ ಇಷ್ಟು: "ಅಕ್ಕಾ, ನಮ್ಮ ತಮ್ಮನಿಗೆ ಎರಡು ವರ್ಷದಿಂದ ಡಿಪ್ರೆಶನ್ ಅಂತ ಮಾತ್ರೆ ಕೊಡ್ತಿದ್ರು. ಈಗ ಬೇರೆ ಡಾಕ್ಟರು ಇದು ಬೈಪೋಲಾರ್ ಅಂತಿದ್ದಾರೆ. ಮನೇಲಿ ಯಾರನ್ನ ನಂಬೋದು ಅಂತ ಗೊತ್ತಾಗ್ತಿಲ್ಲ. ಒಂದು ಬ್ರೇನ್ ಸ್ಕ್ಯಾನ್ ಮಾಡಿಸಿಬಿಟ್ರೆ ಗೊತ್ತಾಗಿಬಿಡುತ್ತಲ್ವಾ?"

ತುಂಬಾ ನ್ಯಾಯವಾದ ಪ್ರಶ್ನೆ. ಕೈ ಮುರಿದ್ರೆ ಎಕ್ಸ್‌ರೇ ತೆಗೀತಾರೆ, ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಮಾಡ್ತಾರೆ. ಹಾಗಿದ್ಮೇಲೆ ಮಿದುಳಿನ ಕಾಯಿಲೆಗೆ ಮಿದುಳಿನ ಫೋಟೋ ಯಾಕೆ ಸಾಕಾಗಲ್ಲ? ಈ ಪ್ರಶ್ನೆ ಹಿಡ್ಕೊಂಡು ನಾನು ಸುಮಾರು ಒಂದು ತಿಂಗಳು ಓದಿದೆ. ಮೊದಲೇ ಹೇಳಿಬಿಡ್ತೀನಿ, ನಾನು ಬಿ.ಕಾಂ ಓದಿದವಳು, ಡಾಕ್ಟರ್ ಅಲ್ಲ. ಈ ಸಂಚಿಕೆ ಕೇಳಿ ಯಾರೂ ತಮ್ಮ ಮಾತ್ರೆ ನಿಲ್ಲಿಸಬೇಡಿ, ಬದಲಾಯಿಸಲೂ ಬೇಡಿ. ಡಾಕ್ಟರ್ ಹತ್ರ ಕೇಳಬೇಕಾದ ಪ್ರಶ್ನೆಗಳು ಸಿಕ್ಕಿದ್ರೆ ಬರೆದಿಟ್ಕೊಳ್ಳಿ, ಅಷ್ಟೇ.

ಅಂದ ಹಾಗೆ, ಮೈಸೂರಲ್ಲಿ ಕೂತ್ಕೊಂಡು ಮೈಕ್ ಮುಂದೆ ಮನಸ್ಸಿನ ಬಗ್ಗೆ ಮಾತಾಡೋ ಹಕ್ಕು ನಮಗೆ ಸ್ವಲ್ಪ ಜಾಸ್ತಿನೇ ಇದೆ ಅನ್ಸುತ್ತೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರು ಮಾಡಿದವರು ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ. ಇದೇ ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ಒಂದು ಖಾಸಗಿ ರೇಡಿಯೋ ಸ್ಟೇಷನ್ ಶುರು ಮಾಡಿದ್ರು. ಅದರ ಹೆಸರು 'ಆಕಾಶವಾಣಿ'. ಈಗ ಇಡೀ ದೇಶದ ರೇಡಿಯೋಗೆ ಇರೋ ಹೆಸರು ನಮ್ಮೂರಲ್ಲಿ ಒಬ್ಬ ಮನಶ್ಶಾಸ್ತ್ರದ ಮೇಷ್ಟ್ರ ಮನೆಯಲ್ಲಿ ಮೊದಲು ಮೊಳಗಿದ್ದು. ಮನೆಯಿಂದ ಮಾಡಿದ ಆಡಿಯೋ ಅಂದ್ರೆ ಒಂಥರಾ ಪಾಡ್‌ಕಾಸ್ಟೇ ತಾನೇ? ಸರಿ, ವಿಷಯಕ್ಕೆ ಬರ್ತೀನಿ.

ಮೊದಲು ಎರಡು ಪದಗಳನ್ನ ಬಿಡಿಸೋಣ. ಯಾಕಂದ್ರೆ ರೀಲ್ಸ್‌ನಲ್ಲಿ ಇವೆರಡೂ ಚಿಲ್ಲರೆ ಕಾಸಿನ ಥರ ಓಡಾಡ್ತಿವೆ. ಬೆಳಗ್ಗೆ ಖುಷಿ, ಸಂಜೆ ಬೇಜಾರು ಆದ್ರೆ "ಐ ಆಮ್ ಸೋ ಬೈಪೋಲಾರ್" ಅಂತಾರೆ. ಅದು ಬೈಪೋಲಾರ್ ಅಲ್ಲ ಕಣ್ರೀ. ಅದು ಸೋಮವಾರ.

ಡಾಕ್ಟರುಗಳ ಲೆಕ್ಕದಲ್ಲಿ ಡಿಪ್ರೆಶನ್, ಅಂದ್ರೆ ಖಿನ್ನತೆ, ಅನ್ನೋಕೆ ಕನಿಷ್ಠ ಎರಡು ವಾರ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿರಬೇಕು, ಇಲ್ಲಾ ಯಾವುದರಲ್ಲೂ ಆಸಕ್ತಿ ಇಲ್ಲದ ಹಾಗೆ ಆಗಿರಬೇಕು. ಅದರ ಜೊತೆಗೆ ನಿದ್ದೆ, ಊಟ, ಗಮನ, ಶಕ್ತಿ ಎಲ್ಲದರಲ್ಲೂ ಏರುಪೇರು ಇರುತ್ತೆ. ನಾನು ಯಾವುದಕ್ಕೂ ಲಾಯಕ್ಕಿಲ್ಲ ಅನ್ನೋ ಭಾವನೆ, ಕೆಲವರಿಗೆ ಸಾವಿನ ಯೋಚನೆಗಳೂ ಬರುತ್ತೆ.

ಬೈಪೋಲಾರ್‌ನಲ್ಲಿ ಇದೇ ಖಿನ್ನತೆ ಬರಬಹುದು. ಅದರ ಜೊತೆ ಜೀವನದ ಯಾವುದೋ ಒಂದು ಘಟ್ಟದಲ್ಲಿ ಇದರ ಉಲ್ಟಾ ಸ್ಥಿತಿನೂ ಬಂದಿರುತ್ತೆ. ಒಂದು ವಾರ ಅಥವಾ ಅದಕ್ಕಿಂತ ಜಾಸ್ತಿ ದಿನ ಜೋರಾಗಿ ಬಂದ್ರೆ ಮೇನಿಯಾ, ಅಂದ್ರೆ ಉನ್ಮಾದ. ಕನಿಷ್ಠ ನಾಲ್ಕು ದಿನ, ಸ್ವಲ್ಪ ಹಗುರವಾಗಿ ಬಂದ್ರೆ ಹೈಪೋಮೇನಿಯಾ. ಮೂರು ಗಂಟೆ ಮಲಗಿ ಎದ್ರೂ ಸುಸ್ತಿಲ್ಲ. ಮಾತು ನಿಲ್ಲಲ್ಲ. ತಲೇಲಿ ಒಂದರ ಹಿಂದೆ ಒಂದು ಐಡಿಯಾ. ದುಡ್ಡು ನೀರಿನ ಥರ ಖರ್ಚು. ಯಾರಾದ್ರೂ ಅಡ್ಡ ಬಂದ್ರೆ ಎಲ್ಲಿಲ್ಲದ ಸಿಟ್ಟು. ಎಲ್ರಿಗೂ ಖುಷಿಯೇ ಆಗಬೇಕು ಅಂತಿಲ್ಲ, ಕೆಲವರಿಗೆ ಬರೀ ಕಿರಿಕಿರಿ, ಜಗಳ.

ಸಮಸ್ಯೆ ಇರೋದು ಇಲ್ಲೇ. ಖಿನ್ನತೆಯಲ್ಲಿ ಕೂತಿರೋ ಇಬ್ಬರನ್ನ ನಿಮ್ಮ ಮುಂದೆ ಕೂರಿಸಿದ್ರೆ, ಒಬ್ಬರದು ಬರೀ ಡಿಪ್ರೆಶನ್, ಇನ್ನೊಬ್ಬರದು ಬೈಪೋಲಾರ್‌ನ ಡಿಪ್ರೆಶನ್ ಅಂತ ನೋಡಿ ಹೇಳೋದು ಬಹಳ ಕಷ್ಟ. ಇಬ್ಬರೂ ಅಳ್ತಾರೆ, ಇಬ್ಬರೂ ಹಾಸಿಗೆಯಿಂದ ಏಳಲ್ಲ. ಅಮೆರಿಕದಲ್ಲಿ ಬೈಪೋಲಾರ್ ಇರೋ 146 ಜನರನ್ನ ಸರಾಸರಿ 12.8 ವರ್ಷ ಗಮನಿಸಿ, 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಆ ವರ್ಷಗಳಲ್ಲಿ ಅವರು ಖಿನ್ನತೆಯ ಲಕ್ಷಣಗಳಲ್ಲಿ ಕಳೆದಿದ್ದು ಸುಮಾರು ಶೇ 32 ವಾರಗಳು. ಉನ್ಮಾದದ ಕಡೆ ಕಳೆದಿದ್ದು ಸುಮಾರು ಶೇ 9 ಮಾತ್ರ. ನಮ್ಮ ದೇಶದ ಅಧ್ಯಯನಗಳಲ್ಲಿ ಉನ್ಮಾದದ ಪಾಲು ಇದಕ್ಕಿಂತ ಜಾಸ್ತಿ ಕಾಣುತ್ತೆ ಅಂತ ಇಲ್ಲಿನ ಮನೋವೈದ್ಯರು ಬರೆದಿದ್ದಾರೆ. ಆದ್ರೂ ಖಿನ್ನತೆಯಿಂದ ಶುರುವಾದವರ ವಿಷಯದಲ್ಲಿ ಗೊಂದಲ ತಪ್ಪಿದ್ದಲ್ಲ. ಸರಿಯಾದ ಹೆಸರು ಸಿಗೋಕೆ ವರ್ಷಗಟ್ಟಲೆ ಹಿಡಿಯೋದು ಪ್ರಪಂಚದ ಎಲ್ಲಾ ಕಡೆನೂ ಇದೆ.

ಇದಕ್ಕೆ ನಮ್ಮ ಮನೆಗಳ ಕೊಡುಗೆ ಬೇರೆ. ಮಗ ಮಂಕಾಗಿ ಕೂತ್ರೆ ಗ್ರಹಚಾರ, ಯಾರದೋ ದೃಷ್ಟಿ. ಅದೇ ಮಗ ನಾಲ್ಕು ತಿಂಗಳಾದ್ಮೇಲೆ ರಾತ್ರಿಯೆಲ್ಲಾ ಎದ್ದು ಹೊಸ ಬಿಸಿನೆಸ್ ಪ್ಲಾನ್ ಬರೆದ್ರೆ, "ಅಬ್ಬಾ, ದೇವರು ಕಣ್ಬಿಟ್ಟ, ಹುಡುಗ ಚುರುಕಾದ." ಮಂಕಾದಾಗ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಾರೆ, ಚುರುಕಾದಾಗ ಚಾಮುಂಡಿ ಬೆಟ್ಟಕ್ಕೆ ಹೋಗಿ ಹಣ್ಣುಕಾಯಿ ಮಾಡಿಸ್ಕೊಂಡು ಬರ್ತಾರೆ. ನಾನು ಓದಿದ ಭಾಷೆಯಲ್ಲಿ ಹೇಳೋದಾದ್ರೆ, ಖಾತೆಯ ಡೆಬಿಟ್ ಕಡೆ ಮಾತ್ರ ಆಡಿಟರ್‌ಗೆ ತೋರಿಸಿ, ಕ್ರೆಡಿಟ್ ಕಡೆ ಮುಚ್ಚಿಟ್ಟ ಹಾಗೆ. ಆಡಿಟರ್ ಎಷ್ಟೇ ಬುದ್ಧಿವಂತರಾದ್ರೂ ಏನು ಮಾಡ್ತಾರೆ?

ಈಗ ಮಿದುಳಿನ ಒಳಗೆ ಹೋಗೋಣ.

ನಿಮ್ಮ ಮನೇಲಿ ಒಂದು ನಾಯಿ ಇದೆ ಅಂದ್ಕೊಳ್ಳಿ. ಗೇಟ್ ಸದ್ದಾದ ತಕ್ಷಣ ಅದು ಬೊಗಳುತ್ತೆ. ಯಾರು, ಏನು ಅಂತ ವಿಚಾರಿಸೋ ತಾಳ್ಮೆ ಅದಕ್ಕಿಲ್ಲ. ಒಳಗಿಂದ ಅಮ್ಮ ಬಂದು ನೋಡಿ, "ಏಯ್ ಸುಮ್ನಿರು, ಕೊರಿಯರ್‌ನವರು" ಅಂತಾರೆ. ನಾಯಿ ಬಾಲ ಆಡಿಸ್ಕೊಂಡು ಹೋಗಿ ಮಲಗುತ್ತೆ. ಮಿದುಳಲ್ಲಿ ಆ ನಾಯಿಯ ಕೆಲಸ ಮಾಡೋದು ಅಮಿಗ್ಡಲಾ ಅನ್ನೋ ಪುಟ್ಟ ಭಾಗ, ಬಾದಾಮಿ ಆಕಾರದ್ದು, ಎಡಕ್ಕೊಂದು ಬಲಕ್ಕೊಂದು ಇರುತ್ತೆ. ಅದು ಭಯಕ್ಕೆ ಮಾತ್ರ ಅಂತ ಹಲವರು ತಿಳ್ಕೊಂಡಿದ್ದಾರೆ, ಹಾಗಲ್ಲ. ಖುಷಿಯ ಮುಖ ಕಂಡ್ರೂ ಅದು ಎದ್ದು ಕೂರುತ್ತೆ. ನಮಗೆ ಮುಖ್ಯ ಅನ್ಸೋ ಯಾವುದಕ್ಕೂ ಅದು ಸ್ಪಂದಿಸುತ್ತೆ. ಅಮ್ಮನ ಕೆಲಸ ಮಾಡೋದು ಹಣೆಯ ಹಿಂದೆ ಇರೋ ಪ್ರಿಫ್ರಂಟಲ್ ಕಾರ್ಟೆಕ್ಸ್. ಇದರೊಳಗೆ ಬೇರೆ ಬೇರೆ ಭಾಗಗಳಿವೆ, ಒಂದೊಂದಕ್ಕೂ ಉದ್ದುದ್ದ ಹೆಸರುಗಳಿವೆ, ಅವನ್ನ ಹೇಳಿ ನಿಮ್ಮ ತಲೆ ತಿನ್ನಲ್ಲ. ಇನ್ನೊಂದು ಪಾತ್ರ ಮಾತ್ರ ನೆನಪಿಟ್ಕೊಳ್ಳಿ: ವೆಂಟ್ರಲ್ ಸ್ಟ್ರಯೇಟಂ. ಲಾಭ, ಬಹುಮಾನ, "ಏನೋ ಒಳ್ಳೇದು ಬರ್ತಿದೆ" ಅನ್ನೋ ನಿರೀಕ್ಷೆ, ಇದೆಲ್ಲಾ ಅದರ ಇಲಾಖೆ.

ನಾಯಿ ಬೊಗಳಿದ ಮೇಲೆ ಅಮ್ಮ ಅದನ್ನ ಸುಮ್ಮನಾಗಿಸೋದಕ್ಕೆ ಭಾವನೆಗಳ ನಿಯಂತ್ರಣ ಅಂತ ಹೆಸರು. ಇದರಲ್ಲಿ ಎರಡು ಥರ. ಒಂದು ನಾವಾಗೇ ಪ್ರಯತ್ನಪಟ್ಟು ಮಾಡೋದು. ಬಾಸ್ ಬೈದ್ರು, "ಪಾಪ, ಅವರಿಗೂ ಮೇಲಿಂದ ಪ್ರೆಶರ್ ಇರುತ್ತೆ" ಅಂತ ನಾವು ನಮಗೇ ಹೇಳ್ಕೊಳ್ಳೋದು. ಇನ್ನೊಂದು ನಮಗೆ ಗೊತ್ತೇ ಆಗದ ಹಾಗೆ ಒಳಗೆ ತಾನಾಗೇ ನಡೆಯೋದು.

ಮೊದಲನೇ ಥರದ ಬಗ್ಗೆ ಒಂದು ಪ್ರಯೋಗ ಹೇಳ್ತೀನಿ, ನನಗೆ ತುಂಬಾ ತಟ್ಟಿದ್ದು ಇದು. 2007ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಖಿನ್ನತೆ ಇರೋರನ್ನ, ಇಲ್ಲದೇ ಇರೋರನ್ನ ಎಂಆರ್‌ಐ ಮೆಷಿನ್‌ನಲ್ಲಿ ಮಲಗಿಸಿ, ಮನಸ್ಸು ಕಲಕೋ ಚಿತ್ರಗಳನ್ನ ತೋರಿಸಿದ್ರು. "ಇದನ್ನ ಬೇರೆ ಥರ ಯೋಚಿಸಿ, ನಿಮ್ಮ ಬೇಜಾರು ಕಮ್ಮಿ ಮಾಡ್ಕೊಳ್ಳಿ" ಅಂತ ಹೇಳಿದ್ರು. ಖಿನ್ನತೆ ಇಲ್ಲದವರಲ್ಲಿ ಹಣೆಯ ಹಿಂದಿನ ಭಾಗ ಚುರುಕಾದಷ್ಟೂ ಅಮಿಗ್ಡಲಾ ತಣ್ಣಗಾಯ್ತು. ಅಮ್ಮ ಬಂದ್ರು, ನಾಯಿ ಸುಮ್ಮನಾಯ್ತು. ಖಿನ್ನತೆ ಇರೋರಲ್ಲೂ ಅಮ್ಮ ಬಂದ್ರು, ಇನ್ನೂ ಜೋರಾಗೇ ಕೂಗಿದ್ರು. ಆದ್ರೆ ನಾಯಿ ಸುಮ್ಮನಾಗ್ಲಿಲ್ಲ. ಪ್ರಯತ್ನ ಜಾಸ್ತಿಯಾದ್ರೆ ಅಮಿಗ್ಡಲಾ ಇಳಿಯೋ ಬದಲು ಏರಿದ ಹಾಗೆ ಕಂಡಿತು.

ಇದರ ಅರ್ಥ ಏನು ಗೊತ್ತಾ? ನಾವು ಬಾಯಿತುದಿಯಲ್ಲಿ ಕೊಡೋ ಸಲಹೆ ಇದೆಯಲ್ಲ, "ಮನಸ್ಸು ಗಟ್ಟಿ ಮಾಡ್ಕೋ, ಪಾಸಿಟಿವ್ ಆಗಿ ಯೋಚ್ನೆ ಮಾಡು", ಅದನ್ನ ಆ ಮನುಷ್ಯ ಆಗಲೇ ಮಾಡ್ತಾ ಇದ್ದಾನೆ. ನಮಗಿಂತ ಜಾಸ್ತಿ ಮಾಡ್ತಾ ಇದ್ದಾನೆ. ಅದು ಕೆಲಸ ಮಾಡ್ತಿಲ್ಲ ಅಷ್ಟೇ. ಅವನದು ಸೋಮಾರಿತನ ಅಂತ ಅಂದ್ಕೊಂಡಿರೋ ಅಪ್ಪ ಅಮ್ಮಂದಿರಿಗೆ ಈ ಒಂದು ಭಾಗವನ್ನಾದ್ರೂ ಫಾರ್ವರ್ಡ್ ಮಾಡಿ.

ಬೈಪೋಲಾರ್‌ನಲ್ಲೂ ಈ ಬಗೆಯ ತೊಂದರೆ ಇದೆ. 2015ರಲ್ಲಿ ಜರ್ಮನಿಯ ಒಂದು ತಂಡ ಇಂಥದೇ ಪ್ರಯೋಗ ಮಾಡಿ, ಬೈಪೋಲಾರ್ ಇರೋರಲ್ಲಿ ಈ ಹತೋಟಿ ಸಡಿಲ ಇದೆ ಅಂತ ತೋರಿಸಿತು. ಅಷ್ಟೇ ಅಲ್ಲ, ಕಾಯಿಲೆಯೇ ಇಲ್ಲದ ಅವರ ಹತ್ತಿರದ ರಕ್ತಸಂಬಂಧಿಗಳಲ್ಲೂ ಸ್ವಲ್ಪ ಹಾಗೇ ಕಂಡಿತು. ವಂಶವಾಹಿಯ ಪಾತ್ರ ಇದೆ ಅನ್ನೋದಕ್ಕೆ ಇದೊಂದು ಸುಳಿವು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೂಡ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸಂಸ್ಥೆಗಳ ಜೊತೆ ಸೇರಿ, ಒಂದೇ ಮನೆಯಲ್ಲಿ ಹಲವರಿಗೆ ಇಂಥ ಕಾಯಿಲೆಗಳಿರೋ ಕುಟುಂಬಗಳನ್ನ ವರ್ಷಗಳಿಂದ ಅಧ್ಯಯನ ಮಾಡ್ತಿದೆ. ಅಂದ್ರೆ ಈ ಹುಡುಕಾಟ ಬರೀ ಅಮೆರಿಕ, ಯುರೋಪಿನದ್ದಲ್ಲ, ಹೊಸೂರು ರಸ್ತೆಯಲ್ಲೂ ನಡೀತಿದೆ.

ಹಾಗಾದ್ರೆ ಎರಡೂ ಒಂದೇನಾ? ಇಲ್ಲಿಂದ ದಾರಿ ಕವಲೊಡೆಯುತ್ತೆ.

ಬರೀ ಖಿನ್ನತೆ ಇರೋರಲ್ಲಿ ಅಮಿಗ್ಡಲಾ ಹೆಚ್ಚು ಗಮನ ಕೊಡೋದು ನೋವಿನ ಕಡೆಗೆ. ದುಃಖದ ಮುಖ, ಬೈದ ಧ್ವನಿ, ಹಳೇ ಸೋಲು. ಖುಷಿಯ ಸುದ್ದಿ ಬಂದ್ರೆ ವೆಂಟ್ರಲ್ ಸ್ಟ್ರಯೇಟಂ ಮಂಕು. ಬಿರಿಯಾನಿ ತಂದಿಟ್ರೂ ಸಪ್ಪೆ, ಇಷ್ಟದ ಹೀರೋ ಸಿನಿಮಾ ಫಸ್ಟ್ ಡೇ ಇದ್ರೂ ಹೋಗೋ ಮನಸ್ಸಿಲ್ಲ.

ಬೈಪೋಲಾರ್ ಇರೋರಲ್ಲಿ ಬೇರೆಯಾಗಿ ಕಾಣಿಸಿದ್ದು ದುಃಖದ ಕಡೆಯಲ್ಲ, ಸಂತೋಷದ ಕಡೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಮೇರಿ ಫಿಲಿಪ್ಸ್ ಅನ್ನೋ ಮನೋವೈದ್ಯೆಯ ತಂಡ ಇದರ ಮೇಲೆ ತುಂಬಾ ಕೆಲಸ ಮಾಡಿದೆ. ಖಿನ್ನತೆಯಲ್ಲಿರೋ ಎರಡೂ ಗುಂಪಿನವರಿಗೆ ನಗುಮುಖಗಳನ್ನ ತೋರಿಸಿದಾಗ, ಅಮಿಗ್ಡಲಾ ಮತ್ತು ಹಣೆಯ ಹಿಂದಿನ ಭಾಗದ ನಡುವಿನ ಸಂಪರ್ಕ ಇಬ್ಬರಲ್ಲೂ ಒಂದೇ ಥರ ಇರ್ಲಿಲ್ಲ. ಇಬ್ಬರೂ ಅಷ್ಟೇ ದುಃಖದಲ್ಲಿದ್ರು. ಅವರನ್ನ ಬೇರೆ ಮಾಡಿ ತೋರಿಸಿದ್ದು ಒಂದು ನಗುಮುಖ. ಓದಿದಾಗ ಮೈ ಜುಮ್ ಅಂತು ನನಗೆ.

ಇನ್ನೊಂದು ಪ್ರಯೋಗ ಇಸ್ಪೀಟಿನದು. ಎಲೆ ಮೇಲಿನ ಸಂಖ್ಯೆ ಐದಕ್ಕಿಂತ ಜಾಸ್ತಿನಾ ಕಮ್ಮಿನಾ ಅಂತ ಊಹೆ ಮಾಡಬೇಕು. ಸರಿಯಾದ್ರೆ ದುಡ್ಡು. ಸಂಶೋಧಕರು ಗಮನಿಸಿದ್ದು ದುಡ್ಡು ಬಂದ ಮೇಲಿನ ಕ್ಷಣ ಮಾತ್ರ ಅಲ್ಲ, ಬರಬಹುದು ಅಂತ ಕಾಯ್ತಾ ಇರೋ ಕ್ಷಣವನ್ನ. ಬೈಪೋಲಾರ್ ಇರೋರಲ್ಲಿ, ಆ ಹೊತ್ತಿಗೆ ಕಾಯಿಲೆಯ ಯಾವ ಲಕ್ಷಣವೂ ಇಲ್ಲದೇ ಆರಾಮಾಗಿದ್ದವರಲ್ಲೂ, ಕಾಯೋ ಕ್ಷಣದಲ್ಲಿ ವೆಂಟ್ರಲ್ ಸ್ಟ್ರಯೇಟಂ ಮತ್ತು ಹಣೆಯ ಹಿಂದಿನ ಕೆಲವು ಭಾಗಗಳು ಬೇರೆಯವರಿಗಿಂತ ಜಾಸ್ತಿ ಉರಿದವು. ಆಪ್ಷನ್ ಟ್ರೇಡಿಂಗ್ ಮಾಡೋರಿಗೆ ಈ ಕ್ಷಣ ಚೆನ್ನಾಗಿ ಗೊತ್ತು. ಆರ್ಡರ್ ಹಾಕಿ ಸ್ಕ್ರೀನ್ ನೋಡ್ತಾ ಇರೋ ಆ ಹತ್ತು ಸೆಕೆಂಡು. ಎಲ್ರಿಗೂ ಎದೆ ಹೊಡ್ಕೊಳ್ಳುತ್ತೆ. ಆದ್ರೆ ಆಮೇಲೆ "ಸಾಕು ಬಿಡು" ಅಂತ ಒಳಗಿಂದ ಒಂದು ಧ್ವನಿ ಬರುತ್ತೆ. ಆ ಧ್ವನಿ ವಾರಗಟ್ಟಲೆ ಬರದೇ ಇದ್ರೆ? ಇನ್‌ಸ್ಟಂಟ್ ಲೋನ್ ಆ್ಯಪ್‌ನಿಂದ ಸಾಲ, ಅದರ ಮೇಲೆ ಇನ್ನೊಂದು ಸಾಲ, ಸೆಕೆಂಡ್ ಹ್ಯಾಂಡ್ ಬುಲೆಟ್, ಗೊತ್ತಿಲ್ಲದ ಪಾರ್ಟ್‌ನರ್ ಜೊತೆ ಅಂಗಡಿ ಅಡ್ವಾನ್ಸ್. ಉನ್ಮಾದ ಇಳಿದ ಮೇಲೆ ಉಳಿಯೋದು ಇಎಂಐ. ಅದರ ಹಿಂದೆನೇ ಬರುತ್ತೆ ಖಿನ್ನತೆ.

ಜೂನ್ ಗ್ರೂಬರ್ ಅಂತ ಒಬ್ಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಇದನ್ನೇ ಬೇರೆ ಕಡೆಯಿಂದ ನೋಡಿದ್ದಾರೆ. ಉನ್ಮಾದದ ಅಪಾಯ ಹೆಚ್ಚಿರೋರಿಗೆ ಖುಷಿಯ ವಿಡಿಯೋ ತುಣುಕು ತೋರಿಸಿದ್ರೂ ಖುಷಿ, ದುಃಖದ ತುಣುಕು ತೋರಿಸಿದ್ರೂ ಬೇರೆಯವರಿಗಿಂತ ಜಾಸ್ತಿ ಖುಷಿ. ಸಂತೋಷ ಬರೋದು ತಪ್ಪಲ್ಲ, ಅದು ಸಂದರ್ಭ ನೋಡಿ ಇಳಿಯದೇ ಇರೋದು ತೊಂದರೆ. ನಮ್ಮ ನಾಯಿ ಕಥೆಯಲ್ಲಿ ಹೇಳೋದಾದ್ರೆ, ಗೇಟ್ ಹತ್ರ ಯಾರೇ ಬಂದ್ರೂ ಕುಣಿದು ಮೈಮೇಲೆ ಹಾರುತ್ತೆ, ವಾಪಸ್ ಕರೆಯೋರು ಒಳಗಿಂದ ಬರ್ತಾ ಇಲ್ಲ.

ಇಷ್ಟು ಕೇಳಿದ ಮೇಲೆ, "ಸರಿ, ಹಾಗಿದ್ರೆ ಸ್ಕ್ಯಾನ್ ಮಾಡಿ ನಗುಮುಖ ತೋರಿಸಿದ್ರೆ ಮುಗೀತಲ್ಲ" ಅನ್ಸುತ್ತೆ. ನನಗೂ ಅನ್ಸಿತ್ತು. ಉತ್ತರ: ಆಗಲ್ಲ. ಯಾಕೆ ಅಂತ ಹೇಳ್ತೀನಿ, ಇದು ಲೆಕ್ಕದ ವಿಷಯ, ನನ್ನ ಏರಿಯಾ.

ಇಲ್ಲಿವರೆಗೂ ಹೇಳಿದ್ದೆಲ್ಲಾ ಗುಂಪಿನ ಸರಾಸರಿ. ಹುಡುಗರು ಸರಾಸರಿಯಲ್ಲಿ ಹುಡುಗಿಯರಿಗಿಂತ ಎತ್ತರ, ನಿಜ. ಆದ್ರೆ "ಒಬ್ರ ಎತ್ತರ ಐದೂವರೆ ಅಡಿ, ಹುಡುಗನಾ ಹುಡುಗಿನಾ ಹೇಳಿ" ಅಂದ್ರೆ ಹೇಳೋಕಾಗುತ್ತಾ? 2022ರಲ್ಲಿ ಜರ್ಮನಿಯ ಸಂಶೋಧಕರು 1,809 ಜನರ ಮಿದುಳಿನ ಚಿತ್ರಗಳನ್ನ ಎಲ್ಲಾ ಥರದಲ್ಲೂ ಅಳೆದು ನೋಡಿದ್ರು. ಇದು ಬೈಪೋಲಾರ್ ಹೋಲಿಕೆ ಅಲ್ಲ, ಖಿನ್ನತೆ ಇರೋರು ಮತ್ತು ಆರೋಗ್ಯವಾಗಿರೋರ ಹೋಲಿಕೆ, ಅಂದ್ರೆ ಇನ್ನೂ ಸುಲಭ ಆಗಬೇಕಿದ್ದ ಲೆಕ್ಕ. ಎರಡು ಗುಂಪುಗಳ ಅಳತೆಗಳು ಒಂದರ ಮೇಲೊಂದು ಶೇ 87ರಿಂದ 95ರಷ್ಟು ಕೂತವು. ಒಬ್ಬ ವ್ಯಕ್ತಿಯ ಸ್ಕ್ಯಾನ್ ಕೊಟ್ಟು "ಖಿನ್ನತೆ ಇದೆಯಾ ಇಲ್ವಾ" ಅಂತ ಕೇಳಿದ್ರೆ ಸರಿ ಉತ್ತರ ಸಿಕ್ಕಿದ್ದು ಶೇ 54ರಿಂದ 56. ನಾಣ್ಯ ಚಿಮ್ಮಿದ್ರೆ ಶೇ 50.

ಡಾಕ್ಟರು ಕೆಲವೊಮ್ಮೆ ಎಂಆರ್‌ಐ ಮಾಡಿಸಿ ಅಂತಾರೆ, ಅದಕ್ಕೆ ಬೇರೆ ಕಾರಣ ಇರುತ್ತೆ. ಗಡ್ಡೆ, ಫಿಟ್ಸ್, ಸೋಂಕು ಇಂಥದ್ದು ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ. ಆದ್ರೆ "ನಿಮ್ಮ ಮಿದುಳಿನ ಮ್ಯಾಪ್ ತೆಗೆದು ಡಿಪ್ರೆಶನ್ನಾ ಬೈಪೋಲಾರಾ ಹೇಳ್ತೀವಿ, ಇಷ್ಟು ಸಾವಿರ" ಅಂತ ಯಾರಾದ್ರೂ ಜಾಹೀರಾತು ಹಾಕಿದ್ರೆ, ಆ ದುಡ್ಡನ್ನ ಇನ್ನೊಬ್ಬ ಮನೋವೈದ್ಯರ ಕನ್ಸಲ್ಟೇಶನ್‌ಗೆ ಕೊಡಿ.

ಹೆಸರಲ್ಲಿ ಏನಿದೆ, ಎರಡಕ್ಕೂ ಮಾತ್ರೆ ತಾನೇ ಅಂತ ಕೇಳಬಹುದು. ಮಾತ್ರೆ ಬೇರೆ ಬೇರೆ, ಅದಕ್ಕೇ ಇಷ್ಟು ಹೊತ್ತು ಮಾತಾಡ್ತಿದ್ದೀನಿ. ಖಿನ್ನತೆಗೆ ಕೊಡೋ ಆಂಟಿಡಿಪ್ರೆಸೆಂಟ್ ಮಾತ್ರೆಯನ್ನ ಬೈಪೋಲಾರ್ ಇರೋರಿಗೆ ಒಂಟಿಯಾಗಿ ಕೊಟ್ರೆ, ಕೆಲವರಲ್ಲಿ ಅದು ಉನ್ಮಾದಕ್ಕೆ ತಳ್ಳಬಹುದು. ಅಮೆರಿಕದಲ್ಲಿ 366 ಜನರ ಮೇಲೆ ಮಾಡಿದ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ 2007ರಲ್ಲಿ ಬಂತು. ಎಲ್ರೂ ಬೈಪೋಲಾರ್‌ನ ಖಿನ್ನತೆಯಲ್ಲಿದ್ದವರು, ಎಲ್ರಿಗೂ ಮೂಡ್ ಸ್ಟೆಬಿಲೈಸರ್ ಕೊಡ್ತಿದ್ರು. ಅದರ ಜೊತೆ ಆಂಟಿಡಿಪ್ರೆಸೆಂಟ್ ಸೇರಿಸಿದವರಲ್ಲಿ ಗಟ್ಟಿಯಾಗಿ ಚೇತರಿಸ್ಕೊಂಡವರು ಶೇ 23.5. ಬರೀ ಸಕ್ಕರೆ ಮಾತ್ರೆಯಂಥದ್ದನ್ನ ಸೇರಿಸಿದವರಲ್ಲಿ ಶೇ 27.3. ಸೇರಿಸಿದ್ರಿಂದ ಲಾಭ ಏನೂ ಕಾಣ್ಲಿಲ್ಲ.

ಬೈಪೋಲಾರ್‌ಗೆ ಇರೋ ಹಳೇ ಔಷಧಿ ಲಿಥಿಯಂ. ನಿಮ್ಮ ಫೋನಿನ ಬ್ಯಾಟರಿಯಲ್ಲಿ ಇರೋ ಅದೇ ಧಾತು, ಲವಣದ ರೂಪದಲ್ಲಿ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನೋ ಡಾಕ್ಟರ್ ಇದು ಉನ್ಮಾದವನ್ನ ಇಳಿಸುತ್ತೆ ಅಂತ ವರದಿ ಮಾಡಿದ್ರು. ಹಲವು ದೇಶಗಳ ಸಂಶೋಧಕರು ಸೇರಿ 2018ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನವೊಂದರಲ್ಲಿ, ಬೈಪೋಲಾರ್ ಇರೋರ ಮಿದುಳಿನ ಹೊರಪದರ ಕೆಲವು ಕಡೆ ಸರಾಸರಿಯಲ್ಲಿ ತುಸು ತೆಳುವಾಗಿತ್ತು, ಲಿಥಿಯಂ ತಗೊಳ್ತಿದ್ದವರಲ್ಲಿ ಅಷ್ಟು ತೆಳುವಾಗಿರ್ಲಿಲ್ಲ. ಆದ್ರೆ ಲಿಥಿಯಂ ಜೊತೆ ಆಟ ಆಡೋ ಹಾಗಿಲ್ಲ. ಆಗಾಗ ರಕ್ತದಲ್ಲಿ ಅದರ ಮಟ್ಟ ನೋಡಬೇಕು, ಕಿಡ್ನಿ, ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಮೆಡಿಕಲ್ ಶಾಪ್‌ನಲ್ಲಿ ತಲೆನೋವಿಗೆ ಅಂತ ಐಬುಪ್ರೊಫೆನ್ ಥರದ ನೋವಿನ ಮಾತ್ರೆ ತಗೊಂಡ್ರೂ ಲಿಥಿಯಂ ಮಟ್ಟ ಏರಬಹುದು, ಅದನ್ನ ಮೊದಲು ಡಾಕ್ಟರಿಗೆ ಕೇಳ್ಬೇಕು.

ಹಾಗಾದ್ರೆ ಸ್ಕ್ಯಾನ್ ಹೇಳಲ್ಲ ಅಂದ್ರೆ ಯಾರು ಹೇಳ್ತಾರೆ? ನೀವೇ. ನಿಮ್ಮ ಅಮ್ಮ, ನಿಮ್ಮ ರೂಮ್‌ಮೇಟ್, ನಿಮ್ಮ ಯುಪಿಐ ಹಿಸ್ಟರಿ. ತಮಾಷೆ ಅಲ್ಲ, ನಿಜವಾಗ್ಲೂ. ಖಿನ್ನತೆ ಅಂತ ಡಾಕ್ಟರ್ ಹತ್ರ ಹೋದಾಗ, "ಸರ್, ಕಳೆದ ವರ್ಷ ದಸರಾ ಹೊತ್ತಲ್ಲಿ ಹತ್ತು ದಿನ ನಾನು ದಿನಕ್ಕೆ ಮೂರು ಗಂಟೆ ಮಲಗ್ತಿದ್ದೆ, ಒಂಚೂರೂ ಸುಸ್ತಾಗ್ತಿರ್ಲಿಲ್ಲ" ಅನ್ನೋ ಒಂದು ವಾಕ್ಯಕ್ಕೆ ಯಾವ ಸ್ಕ್ಯಾನ್‌ಗೂ ಇಲ್ಲದ ಬೆಲೆ ಇದೆ. ನಿದ್ದೆ ವಿಷಯ ಸರಿಯಾಗಿ ಹೇಳಿ. ನಿದ್ದೆ ಬರದೇ ಒದ್ದಾಡಿ ಮಾರನೇ ದಿನ ಹೆಣದ ಥರ ಇರೋದು ಒಂದು. ನಿದ್ದೆನೇ ಬೇಡ ಅನ್ಸಿ ಮಾರನೇ ದಿನ ಇನ್ನೂ ಉತ್ಸಾಹ ಇರೋದು ಇನ್ನೊಂದು. ಮೊದಲನೇದು ಖಿನ್ನತೆಯಲ್ಲಿ ಸಾಮಾನ್ಯ. ಎರಡನೇದನ್ನ ಕೇಳಿದ ತಕ್ಷಣ ಡಾಕ್ಟರ್ ಪೆನ್ನು ಕೆಳಗಿಟ್ಟು ನಿಮ್ಮ ಮುಖ ನೋಡ್ತಾರೆ.

ಮನೇಲಿ ಚಿಕ್ಕಪ್ಪನೋ ಅಜ್ಜಿಯೋ ಯಾರಿಗಾದ್ರೂ "ತಲೆ ಕೆಟ್ಟಿತ್ತು" ಅಂತ ಪಿಸುಪಿಸು ಮಾತಾಡ್ತಾರಲ್ಲ, ಅದನ್ನೂ ಕೇಳಿ ತಿಳ್ಕೊಂಡು ಹೋಗಿ. ಮರ್ಯಾದೆಗೆ ಅಂಜಿ ಮುಚ್ಚಿಡೋ ಮಾಹಿತಿನೇ ಎಷ್ಟೋ ಸಲ ಉಪಯೋಗಕ್ಕೆ ಬರೋದು. ಖಿನ್ನತೆಯ ಮಾತ್ರೆ ಶುರು ಮಾಡಿದ ಮೇಲೆ ನಿದ್ದೆ ಬೇಡ ಅನ್ಸೋಕೆ ಶುರುವಾಯ್ತಾ, ಮಾತು ಜಾಸ್ತಿ ಆಯ್ತಾ, ಇದನ್ನ ಮುಂದಿನ ಅಪಾಯಿಂಟ್‌ಮೆಂಟ್ ತನಕ ಇಟ್ಕೋಬೇಡಿ, ಫೋನ್ ಮಾಡಿ ಹೇಳಿ. ಸಾಧ್ಯ ಆದ್ರೆ ಮನೆಯವರೊಬ್ಬರನ್ನ ಒಳಗೆ ಕರ್ಕೊಂಡು ಹೋಗಿ. ಯಾಕಂದ್ರೆ ಉನ್ಮಾದದಲ್ಲಿದ್ದವರಿಗೆ ಆ ದಿನಗಳು ಕಾಯಿಲೆ ಅಂತ ನೆನಪಿರಲ್ಲ, ತಮ್ಮ ಜೀವನದ ಬೆಸ್ಟ್ ಟೈಮ್ ಅಂತ ನೆನಪಿರುತ್ತೆ.

ಎರಡನೇ ಡಾಕ್ಟರ್ ಬೇರೆ ಹೆಸರು ಹೇಳಿದ ತಕ್ಷಣ ಮೊದಲನೇ ಡಾಕ್ಟರ್ ಮೋಸ ಮಾಡಿದ್ರು ಅಂತ ತೀರ್ಮಾನ ಮಾಡಬೇಡಿ. ಎರಡು ವರ್ಷದ ಹಿಂದೆ ಉನ್ಮಾದ ಇನ್ನೂ ಬಂದೇ ಇರ್ಲಿಲ್ಲ ಅಂದ್ರೆ, ಆಗ ಅದನ್ನ ಡಿಪ್ರೆಶನ್ ಅನ್ನದೇ ಬೇರೇನು ಅನ್ನೋಕೆ ಆಗ್ತಿತ್ತು? ಹಳೇ ಚೀಟಿಗಳನ್ನೆಲ್ಲಾ ಒಂದು ಫೈಲ್‌ಗೆ ಹಾಕಿ, ತಾರೀಖಿನ ಪ್ರಕಾರ ಜೋಡಿಸಿ, ಹೊಸ ಡಾಕ್ಟರ್ ಮುಂದೆ ಇಡಿ.

ದೇಶದ ಲೆಕ್ಕ ನೋಡಿದ್ರೆ ಹೆಸರಿನ ಗೊಂದಲಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ, 20 ವಯಸ್ಕರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದ್ರೂ ಖಿನ್ನತೆಗೆ ಒಳಗಾಗಿರ್ತಾರೆ. ಬೈಪೋಲಾರ್ ಸುಮಾರು 200ರಲ್ಲಿ ಒಬ್ಬರಿಗೆ. ಖಿನ್ನತೆ ಇರೋರಲ್ಲಿ ಸುಮಾರು ಶೇ 85, ಬೈಪೋಲಾರ್ ಇರೋರಲ್ಲಿ ಸುಮಾರು ಶೇ 70 ಜನಕ್ಕೆ ಚಿಕಿತ್ಸೆ ಸಿಗ್ತಾ ಇರ್ಲಿಲ್ಲ. ಬೆಂಗಳೂರಿನ ಸಂಸ್ಥೆ ಮಾಡಿದ ಸಮೀಕ್ಷೆಯ 12 ರಾಜ್ಯಗಳಲ್ಲಿ ಕರ್ನಾಟಕನೇ ಇರ್ಲಿಲ್ಲ ಅನ್ನೋದು ಬೇರೆ ಮಾತು. ಪ್ರಾಯೋಗಿಕ ಸುತ್ತು ಮಾತ್ರ ಕೋಲಾರದಲ್ಲಿ ನಡೀತು.

ಮೈಸೂರಲ್ಲಿ ಇರೋರಿಗೆ ಕೆ.ಆರ್. ಆಸ್ಪತ್ರೆಯಲ್ಲಿ, ಜೆಎಸ್‌ಎಸ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ನಂಜನಗೂಡು, ಹುಣಸೂರು, ಕೆ.ಆರ್. ನಗರ ಕಡೆಯಿಂದ ಕೇಳ್ತಿರೋರು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ 'ಮನೋಚೈತನ್ಯ' ಕ್ಲಿನಿಕ್ ಬಗ್ಗೆ ವಿಚಾರಿಸಿ. ಮಂಗಳವಾರದ ದಿನ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬಂದು ನೋಡೋ ಸರ್ಕಾರಿ ಯೋಜನೆ ಅದು. ಫೋನಲ್ಲೇ ಮಾತಾಡಬೇಕು ಅಂದ್ರೆ ಟೆಲಿ ಮಾನಸ್, ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾಗಿದ್ದು, ದಿನದ 24 ಗಂಟೆನೂ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮಗೋ ನಿಮ್ಮ ಫ್ರೆಂಡ್‌ಗೋ ಬದುಕೋದೇ ಬೇಡ ಅನ್ನೋ ಯೋಚನೆ ಬರ್ತಿದ್ರೆ, ಈ ಸಂಚಿಕೆ ಪಾಸ್ ಮಾಡಿ ಈಗಲೇ ಆ ನಂಬರಿಗೆ ಕರೆ ಮಾಡಿ. ಫ್ರೆಂಡ್ ಆಗಿದ್ರೆ ಅವರನ್ನ ಒಬ್ಬರನ್ನೇ ಬಿಟ್ಟು ಹೋಗಬೇಡಿ.

ದುಡ್ಡಿನ ವಿಷಯ ಒಂದು ಬಾಕಿ ಇದೆ. 2018ರ ಮೇ 29ರಿಂದ ಜಾರಿಗೆ ಬಂದಿರೋ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ದೈಹಿಕ ಕಾಯಿಲೆಗೆ ಕೊಡೋ ಹಾಗೇ ಮಾನಸಿಕ ಕಾಯಿಲೆಗೂ ಇನ್ಶೂರೆನ್ಸ್ ಕಂಪನಿಗಳು ಕವರ್ ಕೊಡಬೇಕು. ಕಾಗದದಲ್ಲಿ ಹೀಗಿದೆ. ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಏನಿದೆ, ಒಪಿಡಿ ಖರ್ಚು ಬರುತ್ತಾ, ವೇಟಿಂಗ್ ಪೀರಿಯಡ್ ಎಷ್ಟು, ಕಾಯಿಲೆ ಇರೋದನ್ನ ಪಾಲಿಸಿ ತಗೊಳ್ಳುವಾಗ ಹೇಳದಿದ್ರೆ ಏನಾಗುತ್ತೆ, ಇದೆಲ್ಲಾ ಮುಂದಿನ ಸಂಚಿಕೆಯಲ್ಲಿ. ನಿಮ್ಮ ಪಾಲಿಸಿ ಪಿಡಿಎಫ್ ಹುಡುಕಿಟ್ಕೊಂಡಿರಿ, ಒಟ್ಟಿಗೆ ಓದೋಣ.